ಜೇಮ್ಸ್ ಮ್ಯಾಡಿಸನ್: ಬಣ, ಒಕ್ಕೂಟ, ಹಕ್ಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಡಿಸನ್ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಮಾತಿನ ನಡುವೆ ಕೇಳಿದ್ದು, ಪತ್ರದಲ್ಲಿ ಬಂದದ್ದು, ಪ್ರತಿಕ್ರಿಯೆಯಲ್ಲಿ ತಕರಾರು ತೆಗೆದದ್ದು ಎಲ್ಲವೂ ಇದೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಸ್ವಲ್ಪ ಗೊತ್ತಿರುವವರು ನೇರ ಕೆಳಗಿನ ಭಾಗಕ್ಕೆ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಯಾರು ಈ ಮ್ಯಾಡಿಸನ್? ವಾಷಿಂಗ್ಟನ್, ಜೆಫರ್ಸನ್ ಗೊತ್ತು, ಇವರ ಹೆಸರು ಅಷ್ಟಾಗಿ ಕೇಳಿಲ್ಲ

1751ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು. ತಂದೆ ದೊಡ್ಡ ಜಮೀನ್ದಾರರು, ಹೊಗೆಸೊಪ್ಪು ಬೆಳೆಯುತ್ತಿದ್ದರು. ಆಳು ಕುಳ್ಳಗೆ, ಸಣ್ಣಗೆ, ದನಿಯೂ ಮೆಲ್ಲಗೆ. ಸಭೆಯಲ್ಲಿ ಮಾತಾಡಿದರೆ ಹಿಂದೆ ಕೂತವರಿಗೆ ಕೇಳಿಸುತ್ತಿರಲಿಲ್ಲ. ಓದು ಮಾತ್ರ ಭಾರಿ. ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದಾಗ ಪೆಟ್ಟಿಗೆಗಟ್ಟಲೆ ಪುಸ್ತಕ ಕಳಿಸಿಕೊಟ್ಟರು, ಇವರು ಮನೆಯಲ್ಲಿ ಕೂತು ಹಳೆಯ ಗ್ರೀಕ್ ಒಕ್ಕೂಟಗಳಿಂದ ಹಿಡಿದು ಸ್ವಿಸ್, ಡಚ್ ಒಕ್ಕೂಟಗಳವರೆಗೆ ಒಂದೊಂದೂ ಯಾಕೆ ಮುಗ್ಗರಿಸಿತು ಅಂತ ಟಿಪ್ಪಣಿ ಮಾಡಿಕೊಂಡರು. 1809ರಿಂದ 1817ರವರೆಗೆ ಅಮೆರಿಕದ ನಾಲ್ಕನೇ ಅಧ್ಯಕ್ಷರಾಗಿದ್ದರು. ಆದರೆ ಅವರು ಇವತ್ತಿಗೂ ಮುಖ್ಯವಾಗುವುದು ಅಧ್ಯಕ್ಷಗಿರಿಗೆ ಅಲ್ಲ, ಅದಕ್ಕಿಂತ 20 ವರ್ಷ ಮೊದಲು ಯೋಚಿಸಿದ್ದಕ್ಕೆ, ಬರೆದದ್ದಕ್ಕೆ.

ಅಮೆರಿಕದ ಸಂವಿಧಾನ ಬರೆದದ್ದು ಇವರೊಬ್ಬರೇನಾ?

ಅಲ್ಲ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ 55 ಜನ ಸುಮಾರು ನಾಲ್ಕು ತಿಂಗಳು ಜಗಳ ಆಡಿ ಮಾಡಿದ ಕೆಲಸ ಅದು. ಕೊನೆಗೆ ಸಹಿ ಹಾಕಿದವರು 39 ಜನ. ಮ್ಯಾಡಿಸನ್ ಅವರ ಪಾಲು ಏನು ಅಂದರೆ, ಉಳಿದವರು ಬರುವ ಮೊದಲೇ ಅವರ ಬಳಿ ಒಂದು ನಕ್ಷೆ ಸಿದ್ಧವಿತ್ತು. ಅದನ್ನು ವರ್ಜೀನಿಯಾ ಯೋಜನೆ ಅಂತ ಕರೆದರು, ಮಂಡಿಸಿದ್ದು ಎಡ್ಮಂಡ್ ರಾಂಡಲ್ಫ್. ಚರ್ಚೆ ಶುರುವಾದದ್ದೇ ಆ ಕಾಗದದಿಂದ.

ಇನ್ನೊಂದು ಕೆಲಸ ನನಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಬಾಗಿಲು ಹಾಕಿಕೊಂಡು ನಡೆದ ಆ ಸಭೆಯಲ್ಲಿ ಅವರು ದಿನಾ ಮುಂದೆ ಕೂತು ಯಾರು ಏನು ಹೇಳಿದರು ಅಂತ ಬರೆದುಕೊಂಡರು, ರಾತ್ರಿ ಅದನ್ನು ತಿದ್ದಿ ಬಿಡಿಸಿ ಬರೆದರು. ಬದುಕಿರುವವರೆಗೂ ಅದನ್ನು ಅಚ್ಚಿಗೆ ಕೊಡಲಿಲ್ಲ. 1836ರಲ್ಲಿ ತೀರಿಕೊಂಡರು, ಟಿಪ್ಪಣಿಗಳು 1840ರಲ್ಲಿ ಹೊರಬಂದವು. ಆ ಸಭೆಯೊಳಗೆ ನಡೆದದ್ದು ನಮಗೆ ಇಷ್ಟು ಗೊತ್ತಿರುವುದು ಮುಖ್ಯವಾಗಿ ಅದರಿಂದಲೇ.

ಫೆಡರಲಿಸ್ಟ್ ಪ್ರಬಂಧಗಳು ಅಂತ ಎಲ್ಲರೂ ಹೇಳ್ತಾರಲ್ಲ, ಅವು ಏನು?

ಹೊಸ ಸಂವಿಧಾನಕ್ಕೆ ರಾಜ್ಯಗಳು ಒಪ್ಪಿಗೆ ಕೊಡಬೇಕಿತ್ತು. ನ್ಯೂಯಾರ್ಕ್‌ನಲ್ಲಿ ವಿರೋಧ ಜೋರಾಗಿತ್ತು. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂವರೂ ಸೇರಿ 'ಪಬ್ಲಿಯಸ್' ಅನ್ನುವ ಒಂದೇ ಹೆಸರಲ್ಲಿ 85 ಲೇಖನ ಬರೆದರು. 51 ಹ್ಯಾಮಿಲ್ಟನ್ ಅವರದು, 29 ಮ್ಯಾಡಿಸನ್ ಅವರದು, 5 ಜೇ ಅವರದು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ಲೆಕ್ಕ. ಪತ್ರಿಕೆಗಾಗಿ ಅವಸರದಲ್ಲಿ ಬರೆದದ್ದು, ಗೆಲ್ಲಬೇಕು ಅಂತಲೇ ಬರೆದದ್ದು. ಅದನ್ನು ಮರೆತು ಶಾಸ್ತ್ರಗ್ರಂಥದ ಹಾಗೆ ಓದಿದರೆ ತಪ್ಪು ತಿಳಿವಳಿಕೆ ಆಗುತ್ತದೆ. ಒಂದೆರಡು ಮಾತ್ರ ಓದುವುದಾದರೆ 10 ಮತ್ತು 51 ಓದಿ. ಎರಡೂ ಚಿಕ್ಕವು, ಒಂದು ಸಂಜೆಯಲ್ಲಿ ಮುಗಿಯುತ್ತವೆ.

## ಬಣಗಳ ಬಗ್ಗೆ

ಬಣ ಅಂದ್ರೆ ರಾಜಕೀಯ ಪಕ್ಷ ಅಂತಾನಾ?

ಪಕ್ಷವೂ ಆಗಬಹುದು, ಅಷ್ಟೇ ಅಲ್ಲ. ಒಂದು ಗುಂಪು ಯಾವುದೋ ಆವೇಶಕ್ಕೋ ಲಾಭಕ್ಕೋ ಒಂದಾಗಿ, ಬೇರೆಯವರ ಹಕ್ಕಿಗೆ ಅಥವಾ ಇಡೀ ಸಮಾಜದ ಹಿತಕ್ಕೆ ಏಟು ಕೊಡಲು ಹೊರಟರೆ ಅದು ಬಣ. ಗುಂಪು ಸಣ್ಣದೋ ದೊಡ್ಡದೋ ಅನ್ನುವುದು ಲೆಕ್ಕಕ್ಕಿಲ್ಲ. ನೂರಕ್ಕೆ ಎಂಬತ್ತು ಜನ ಒಂದಾಗಿ ಉಳಿದ ಇಪ್ಪತ್ತು ಜನರನ್ನು ತುಳಿದರೆ ಆ ಎಂಬತ್ತು ಜನರೇ ಬಣ. ಇಲ್ಲೇ ಅವರು ಬೇರೆಯವರಿಗಿಂತ ಬೇರೆಯಾಗಿ ಯೋಚಿಸಿದ್ದು. ಅಲ್ಲಿಯವರೆಗೆ ಬಣ ಅಂದರೆ ಜನರ ವಿರುದ್ಧ ಪಿತೂರಿ ಮಾಡುವ ನಾಲ್ಕು ಜನ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು.

ಬಣಗಳು ಹುಟ್ಟುವುದಕ್ಕೆ ಧರ್ಮ, ನಾಯಕರ ಮೇಲಿನ ಅಭಿಮಾನ ಎಲ್ಲ ಕಾರಣ ಆಗಬಹುದು, ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವ ಕಾರಣ ಆಸ್ತಿ ಅಂತ ಅವರು ಬರೆದರು. ಇದ್ದವರು, ಇಲ್ಲದವರು, ಸಾಲ ಕೊಟ್ಟವರು, ಸಾಲ ತಗೊಂಡವರು.

ಬಣ ಅಷ್ಟು ಕೆಟ್ಟದ್ದು ಅಂದ್ಮೇಲೆ ನಿಷೇಧ ಮಾಡಬಹುದಿತ್ತಲ್ಲ?

ಹತ್ತನೇ ಪ್ರಬಂಧದಲ್ಲಿ ಇದಕ್ಕೆ ನೇರ ಉತ್ತರ ಇದೆ. ಬೆಂಕಿಗೆ ಗಾಳಿ ಹೇಗೋ ಬಣಕ್ಕೆ ಸ್ವಾತಂತ್ರ್ಯ ಹಾಗೆ ಅಂತಾರೆ ಅವರು. ಬೆಂಕಿ ಸುಡುತ್ತದೆ ಅಂತ ಗಾಳಿಯನ್ನೇ ತೆಗೆಯಲು ಆಗುತ್ತಾ? ಉಸಿರೇ ನಿಲ್ಲುತ್ತದೆ. ಇನ್ನೊಂದು ದಾರಿ ಎಲ್ಲರಿಗೂ ಒಂದೇ ಅಭಿಪ್ರಾಯ, ಒಂದೇ ಆಸೆ ಇರುವಂತೆ ಮಾಡುವುದು. ಅದು ಆಗದ ಮಾತು. ಹಾಗಾಗಿ ಕಾರಣವನ್ನು ಕೀಳಲು ಹೋಗಬೇಡಿ, ಆಗುವ ಹಾನಿಯನ್ನು ತಡೆಯಿರಿ ಅನ್ನುವುದು ಅವರ ತೀರ್ಮಾನ.

ಬಹುಮತ ಅಂದ್ರೇನೇ ಪ್ರಜಾಪ್ರಭುತ್ವ ಅಲ್ವಾ? ಅದಕ್ಕೆ ಇವರಿಗೆ ಅಷ್ಟು ಭಯ ಯಾಕೆ?

ಭಯ ಪುಸ್ತಕದಿಂದ ಬಂದದ್ದಲ್ಲ, ಕಣ್ಣೆದುರು ನಡೆದದ್ದರಿಂದ ಬಂದದ್ದು. 1786ರಲ್ಲಿ ರೋಡ್ ಐಲೆಂಡ್ ಅನ್ನುವ ಪುಟ್ಟ ರಾಜ್ಯದಲ್ಲಿ ಸಾಲಗಾರರ ಪರ ಇದ್ದವರು ಚುನಾವಣೆ ಗೆದ್ದರು. ಗೆದ್ದವರು ಕಾಗದದ ಹಣ ಅಚ್ಚು ಹಾಕಿಸಿದರು. ಹಣದ ಬೆಲೆ ಕುಸಿಯುತ್ತಾ ಹೋಯಿತು. ವ್ಯಾಪಾರಿಗಳು ತಗೊಳ್ಳಲ್ಲ ಅಂದರು. ತಗೊಳ್ಳದಿದ್ದರೆ ದಂಡ ಅಂತ ಕಾನೂನು ಬಂತು. ಅಂಗಡಿಗಳು ಬಾಗಿಲು ಹಾಕಿದವು. ಸಾಲ ಕೊಟ್ಟವನು ಬೆಲೆ ಇಲ್ಲದ ಕಾಗದ ಈಸಿಕೊಂಡು ಸಾಲ ತೀರಿತು ಅಂತ ಒಪ್ಪಬೇಕಾಯಿತು. ಇದೆಲ್ಲ ಆದದ್ದು ಕಾನೂನುಬದ್ಧವಾಗಿ, ಜನರೇ ಆರಿಸಿದ ಶಾಸನಸಭೆಯಿಂದ.

ಸಾಲಗಾರರ ಕಷ್ಟ ಸುಳ್ಳಾಗಿತ್ತು ಅಂತ ನಾನು ಹೇಳುತ್ತಿಲ್ಲ. ಯುದ್ಧ ಮುಗಿಸಿ ಬಂದ ರೈತರ ಮೇಲೆ ತೆರಿಗೆ ಹೇರಿದ ರಾಜ್ಯಗಳೂ ಇದ್ದವು, ಮ್ಯಾಸಚೂಸೆಟ್ಸ್‌ನಲ್ಲಿ ಅದೇ ವರ್ಷ ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ರೈತರು ಬಂದೂಕು ಹಿಡಿದು ಕೋರ್ಟುಗಳನ್ನು ಮುಚ್ಚಿಸಿದ್ದೂ ಅದಕ್ಕೇ. ಮ್ಯಾಡಿಸನ್ ಆ ನೋವಿನ ಕಡೆ ಸಾಕಷ್ಟು ನೋಡಲಿಲ್ಲ, ಆಸ್ತಿವಂತರ ಕಡೆಯಿಂದಲೇ ನೋಡಿದರು ಅನ್ನುವ ಟೀಕೆಯಲ್ಲಿ ಹುರುಳಿದೆ. ಆದರೂ ಅವರು ಎತ್ತಿದ ಪ್ರಶ್ನೆ ಆಸ್ತಿಯ ಹತ್ತಿರ ನಿಲ್ಲುವುದಿಲ್ಲ. ಸರ್ಕಾರ ರಾಜನ ಕೈಯಲ್ಲಿದ್ದಾಗ ಅನ್ಯಾಯ ಆದರೆ ಜನರ ಹತ್ತಿರ ಹೋಗಬಹುದು. ಜನರಲ್ಲಿ ಜಾಸ್ತಿ ಇರುವವರೇ ಅನ್ಯಾಯ ಮಾಡಿದರೆ ಯಾರ ಹತ್ತಿರ ಹೋಗುವುದು?

ದೇಶ ದೊಡ್ಡದಾದಷ್ಟೂ ಜಗಳ ಜಾಸ್ತಿ. ಇವರು ದೊಡ್ಡದೇ ಒಳ್ಳೆಯದು ಅಂತಾರಲ್ಲ, ಹೇಗೆ?

ಮ್ಯಾಡಿಸನ್ ಅವರ ಅತಿ ಹೊಸ ವಿಚಾರ ಇದೇ. ಗಣರಾಜ್ಯ ಬಾಳಬೇಕಾದರೆ ಚಿಕ್ಕದಾಗಿರಬೇಕು, ಜನ ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು ಅಂತ ಆಗ ಓದಿದವರೆಲ್ಲ ನಂಬಿದ್ದರು. ಫ್ರಾನ್ಸಿನ ಮಾಂಟೆಸ್ಕ್ಯೂ ಹಾಗೆ ಬರೆದಿದ್ದರು. ಮ್ಯಾಡಿಸನ್ ಅದನ್ನು ತಲೆಕೆಳಗು ಮಾಡಿದರು.

ಒಂದು ಊರು ತಗೊಳ್ಳಿ. ಅಲ್ಲಿ ಒಂದೇ ಜಾತಿಯವರು, ಒಂದೇ ಕಸುಬಿನವರು ಮುಕ್ಕಾಲು ಪಾಲು ಇದ್ದಾರೆ. ಪಂಚಾಯಿತಿ ಅವರದ್ದೇ, ಕೆರೆ ನೀರಿನ ಸರದಿ ಅವರದ್ದೇ, ಉಳಿದ ನಾಲ್ಕು ಮನೆಯವರು ತಗ್ಗಿ ಬದುಕಬೇಕು. ಅದೇ ಒಂದು ಜಿಲ್ಲೆಗೆ ಬಂದರೆ ಅಷ್ಟು ಸುಲಭವಲ್ಲ, ರಾಜ್ಯಕ್ಕೆ ಬಂದರೆ ಇನ್ನೂ ಕಷ್ಟ. ಗುಂಪುಗಳು ಜಾಸ್ತಿ ಆಗುತ್ತವೆ, ಯಾವ ಒಂದು ಗುಂಪಿಗೂ ತಾನೊಬ್ಬನೇ ಬಹುಮತ ಆಗಲು ಬರುವುದಿಲ್ಲ. ಬಹುಮತ ಬೇಕಾದರೆ ಬೇರೆಯವರ ಜೊತೆ ಕೂಡಬೇಕು, ಕೂಡಬೇಕಾದರೆ ಬಿಟ್ಟುಕೊಡಬೇಕು.

1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತನದ, ಅಜ್ಞಾನದ ಗುಹೆ ಅಂತ ಕರೆದು, ಹಳ್ಳಿಯ ಬದಲು ವ್ಯಕ್ತಿಯನ್ನು ಸಂವಿಧಾನದ ಘಟಕ ಮಾಡಿದ್ದಕ್ಕೆ ಸಂತೋಷ ಅಂದರು. ಅವರು ಅಲ್ಲಿಗೆ ತಲುಪಿದ ದಾರಿ ಪೂರಾ ಬೇರೆ, ತಾವು ಉಂಡ ಅವಮಾನದ ದಾರಿ. ಆದರೂ ಚಿಕ್ಕ ಜಾಗದಲ್ಲಿ ಬಲಿಷ್ಠರ ಹಿಡಿತ ಎಷ್ಟು ಬಿಗಿ ಅನ್ನುವುದು ಇಬ್ಬರಿಗೂ ಕಂಡಿತ್ತು.

ದೂರ ಇದ್ದವರು ಬೇಗ ಒಂದಾಗಲಾರರು ಅನ್ನುವುದೂ ಮ್ಯಾಡಿಸನ್ ಲೆಕ್ಕದಲ್ಲಿತ್ತು. ಕುದುರೆ ಅಂಚೆಯ ಕಾಲ ಅದು. ಮೊಬೈಲ್ ಇರುವ ಈ ಕಾಲದಲ್ಲಿ ಆ ಭಾಗ ಸಡಿಲವಾಗಿದೆ ಅಂತಲೇ ನನ್ನ ಅಭಿಪ್ರಾಯ. ಗುಂಪುಗಳು ಬಗೆಬಗೆಯಾಗಿರಬೇಕು ಅನ್ನುವ ಭಾಗ ಈಗಲೂ ಗಟ್ಟಿ.

ಬಣ ಬೇಡ ಅಂದವರು ತಾವೇ ಪಕ್ಷ ಕಟ್ಟಿದ್ರಲ್ಲ?

ಕಟ್ಟಿದರು. 1790ರ ದಶಕದಲ್ಲಿ ಜೆಫರ್ಸನ್ ಜೊತೆ ಸೇರಿ, ತಮ್ಮ ಹಳೆಯ ಜೊತೆಗಾರ ಹ್ಯಾಮಿಲ್ಟನ್ ವಿರುದ್ಧ. ರಾಷ್ಟ್ರೀಯ ಬ್ಯಾಂಕು, ಸಾಲಪತ್ರ ಕೊಂಡ ಶ್ರೀಮಂತರಿಗೆ ಲಾಭ, ಅಧ್ಯಕ್ಷರ ಕೈಗೆ ಜಾಸ್ತಿ ಅಧಿಕಾರ ಇವೆಲ್ಲ ನೋಡಿ ಈಗ ಅಲ್ಪಸಂಖ್ಯೆಯ ಬಣವೊಂದು ಸರ್ಕಾರದ ಒಳಗೇ ಕೂತಿದೆ ಅಂತ ಅವರಿಗೆ ಅನಿಸಿತು. ಅದನ್ನು ಎದುರಿಸಲು ಬಹುಮತವನ್ನು ಒಟ್ಟುಗೂಡಿಸಬೇಕಾಯಿತು. 1787ರಲ್ಲಿ ಚದುರಿಸಬೇಕು ಅಂದದ್ದನ್ನು ಐದೇ ವರ್ಷದಲ್ಲಿ ಸೇರಿಸಲು ಹೊರಟರು. ಇದನ್ನು ಸುಮ್ನೆ ಅವಕಾಶವಾದ ಅಂದುಬಿಡಲು ನನಗೆ ಮನಸ್ಸಿಲ್ಲ. ಅಪಾಯ ಯಾವ ಕಡೆಯಿಂದ ಬರುತ್ತಿದೆ ಅಂತ ಅವರಿಗೆ ಕಂಡಿತೋ ಆ ಕಡೆ ತಿರುಗಿ ನಿಂತರು.

## ಒಕ್ಕೂಟದ ಬಗ್ಗೆ

ಮ್ಯಾಡಿಸನ್ ಕೇಂದ್ರದ ಪರವೋ, ರಾಜ್ಯಗಳ ಪರವೋ?

ಯಾವ ವರ್ಷದ ಮ್ಯಾಡಿಸನ್ ಅಂತ ಕೇಳಬೇಕು. 1787ರಲ್ಲಿ ಅವರು ಗಟ್ಟಿ ಕೇಂದ್ರದ ಪರ. ಆಗಿನ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ನಿಯಮ ತಿದ್ದಬೇಕಾದರೆ 13 ರಾಜ್ಯಗಳೂ ಒಪ್ಪಬೇಕು, ಒಂದು ಬೇಡ ಅಂದರೂ ಮುಗಿಯಿತು. ಬೇಸತ್ತ ಮ್ಯಾಡಿಸನ್, ರಾಜ್ಯಗಳ ಕಾನೂನನ್ನು ತಳ್ಳಿಹಾಕುವ ಅಧಿಕಾರ ರಾಷ್ಟ್ರೀಯ ಸಂಸತ್ತಿಗೆ ಇರಲೇಬೇಕು ಅಂತ ಹಠ ಹಿಡಿದರು. ಸಭೆ ಒಪ್ಪಲಿಲ್ಲ. ಹಾಗಾದರೆ ಈ ಸಂವಿಧಾನ ನಿಲ್ಲುವುದಿಲ್ಲ ಅಂತ ಜೆಫರ್ಸನ್‌ಗೆ ಬೇಸರದ ಪತ್ರ ಬರೆದರು.

1791ರಲ್ಲಿ ಬ್ಯಾಂಕಿನ ವಿಷಯ ಬಂದಾಗ, ಸಂವಿಧಾನದಲ್ಲಿ ಕೊಡದ ಅಧಿಕಾರ ಕೇಂದ್ರಕ್ಕೆ ಇಲ್ಲ ಅಂತ ವಾದ ಮಾಡಿದರು. ಅಧ್ಯಕ್ಷರಾಗಿ 1816ರಲ್ಲಿ ಎರಡನೇ ಬ್ಯಾಂಕಿಗೆ ಸಹಿ ಹಾಕಿದರು, ಇಷ್ಟು ವರ್ಷ ಜನ, ಸಂಸತ್ತು, ಕೋರ್ಟು ಒಪ್ಪಿಕೊಂಡು ಬಂದದ್ದನ್ನು ನನ್ನ ಒಬ್ಬನ ಅಭಿಪ್ರಾಯಕ್ಕೆ ಮುರಿಯಲಾರೆ ಅನ್ನುವ ಕಾರಣಕ್ಕೆ. ಮರುವರ್ಷ ಅಧಿಕಾರ ಬಿಡುವ ಹಿಂದಿನ ದಿನ ರಸ್ತೆ, ಕಾಲುವೆಗೆ ಕೇಂದ್ರದ ಹಣ ಕೊಡುವ ಮಸೂದೆಯನ್ನು ತಿರಸ್ಕರಿಸಿದರು. ರಸ್ತೆ ಬೇಡ ಅಂತಲ್ಲ, ಬೇಕಿದ್ದರೆ ಮೊದಲು ಸಂವಿಧಾನ ತಿದ್ದಿ ಅಂತ.

ಮೂವತ್ತೊಂಬತ್ತನೇ ಪ್ರಬಂಧದಲ್ಲಿ ಅವರು ಹೇಳಿದ್ದು ಈಗಲೂ ಒಳ್ಳೆಯ ಉತ್ತರ: ಇದು ಪೂರಾ ರಾಷ್ಟ್ರೀಯವೂ ಅಲ್ಲ, ಪೂರಾ ಒಕ್ಕೂಟವೂ ಅಲ್ಲ, ಎರಡೂ ಬೆರೆತದ್ದು.

ಚಿಕ್ಕ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಸೆನೆಟ್‌ನಲ್ಲಿ ಎರಡೆರಡೇ ಸೀಟು. ಇದೂ ಇವರ ಐಡಿಯಾನಾ?

ಖಂಡಿತ ಅಲ್ಲ, ಅವರು ಅದರ ವಿರುದ್ಧ ಕೊನೆಯವರೆಗೂ ಕಾದಾಡಿದರು. ಎರಡೂ ಸದನದಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು ಅನ್ನುವುದು ಅವರ ವಾದ. 1787ರ ಜುಲೈ 16ರಂದು ಸೋತರು. ಇವತ್ತು ಆರು ಲಕ್ಷವೂ ಜನ ಇಲ್ಲದ ವಯೋಮಿಂಗ್‌ಗೂ ಇಬ್ಬರು, ಸುಮಾರು ನಾಲ್ಕು ಕೋಟಿಯ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಉತ್ತರ ಪ್ರದೇಶಕ್ಕೆ 31, ಸಿಕ್ಕಿಂಗೆ 1. ಈ ಒಂದು ವಿಷಯದಲ್ಲಿ ಮ್ಯಾಡಿಸನ್ ಕೇಳಿದ್ದಕ್ಕೆ ನಮ್ಮ ವ್ಯವಸ್ಥೆಯೇ ಹತ್ತಿರ.

"ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ" ಅಂದದ್ದು ಇವರೇನಾ? ಅದರ ಅರ್ಥ ಏನು?

51ನೇ ಪ್ರಬಂಧದ ಮಾತು. ಆಳುವವರೂ ದೇವತೆಗಳಲ್ಲ, ಹಾಗಾಗಿ ಅವರ ಮೇಲೂ ಕಾವಲು ಬೇಕು ಅಂತ ಮುಂದುವರಿಯುತ್ತದೆ. ಕಾವಲು ಯಾರು? ಒಳ್ಳೆಯವರನ್ನು ಹುಡುಕಿ ಕೂರಿಸಿ ಅಂತ ಅವರು ಹೇಳಲಿಲ್ಲ. ಒಬ್ಬರ ಮಹತ್ವಾಕಾಂಕ್ಷೆಗೆ ಇನ್ನೊಬ್ಬರ ಮಹತ್ವಾಕಾಂಕ್ಷೆಯನ್ನೇ ಎದುರು ನಿಲ್ಲಿಸಿ ಅಂದರು. ಅಧ್ಯಕ್ಷರು, ಸಂಸತ್ತು, ಕೋರ್ಟು ಒಂದನ್ನೊಂದು ತಡೆಯಲಿ. ಕೇಂದ್ರ, ರಾಜ್ಯ ಒಂದನ್ನೊಂದು ತಡೆಯಲಿ. ಜನರ ಹಕ್ಕಿಗೆ ಹೀಗೆ ಎರಡು ಬೇಲಿ. ಒಕ್ಕೂಟ ಅಂದರೆ ಬರೀ ಆಡಳಿತದ ಅನುಕೂಲ ಅಂತ ತಿಳಿದವರು ಈ ಒಂದು ಭಾಗ ಓದಲೇಬೇಕು.

## ಹಕ್ಕುಗಳ ಬಗ್ಗೆ

ಬಿಲ್ ಆಫ್ ರೈಟ್ಸ್ ಬೇಡ ಅಂದವರೇ ಅದನ್ನು ಬರೆದರಂತೆ, ನಿಜವಾ?

ನಿಜ. ಬಿಲ್ ಆಫ್ ರೈಟ್ಸ್ ಅಂದರೆ ಸಂವಿಧಾನಕ್ಕೆ ಸೇರಿಸಿದ ಜನರ ಹಕ್ಕುಗಳ ಪಟ್ಟಿ. ಮೊದಲು ಅವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ರಾಜ್ಯಗಳಲ್ಲಿ ಹಕ್ಕುಗಳ ಪಟ್ಟಿ ಇತ್ತು, ಬಹುಮತ ಬಂದಾಗ ಅದನ್ನು ಯಾರೂ ಕ್ಯಾರೇ ಅನ್ನಲಿಲ್ಲ. ಕಾಗದದ ಗೋಡೆ ಅಂತ 1788ರ ಅಕ್ಟೋಬರ್ 17ರಂದು ಜೆಫರ್ಸನ್‌ಗೆ ಬರೆದ ಪತ್ರದಲ್ಲಿ ಅವರ ತಕರಾರು. ನಿಜವಾದ ಅಧಿಕಾರ ಎಲ್ಲಿದೆಯೋ ದಬ್ಬಾಳಿಕೆಯ ಅಪಾಯವೂ ಅಲ್ಲೇ, ನಮ್ಮಲ್ಲಿ ಆ ಅಧಿಕಾರ ಬಹುಮತದ ಹತ್ತಿರ ಇದೆ ಅಂತಲೂ ಅದೇ ಪತ್ರದಲ್ಲಿ ಬರೆದರು. ಅವರ ಎಲ್ಲ ಬರಹದಲ್ಲಿ ಒಂದೇ ಸಾಲು ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಮನಸ್ಸು ಬದಲಾಗಲು ಒಂದು ಕಾರಣ ರಾಜಕೀಯ. ವರ್ಜೀನಿಯಾದಲ್ಲಿ ಸಂವಿಧಾನಕ್ಕೆ ಒಪ್ಪಿಗೆ ಸಿಕ್ಕಿದ್ದು 89–79ರ ಅಂತರದಲ್ಲಿ. ಎದುರಾಳಿ ಪ್ಯಾಟ್ರಿಕ್ ಹೆನ್ರಿ ಇವರನ್ನು ಸೆನೆಟ್‌ಗೆ ಹೋಗಗೊಡಲಿಲ್ಲ. ಪ್ರತಿನಿಧಿ ಸಭೆಗೆ ನಿಂತರೆ ಎದುರಿಗೆ ಗೆಳೆಯ ಜೇಮ್ಸ್ ಮನ್ರೋ. 1789ರ ಚಳಿಗಾಲ. ಇಬ್ಬರೂ ಒಟ್ಟಿಗೇ ಊರೂರು ತಿರುಗಿ ಚರ್ಚೆ ಮಾಡಿದರು. ಒಂದು ಜರ್ಮನ್ ಚರ್ಚಿನ ಹೊರಗೆ ಜನ ಹಿಮದಲ್ಲಿ ನಿಂತೇ ಕೇಳಿದರಂತೆ. ಅವತ್ತು ರಾತ್ರಿ ಕುದುರೆ ಮೇಲೆ ಬರುವಾಗ ಚಳಿಗೆ ಮೂಗು ಮರಗಟ್ಟಿ ಗುರುತು ಉಳಿಯಿತು ಅಂತ ಮುಪ್ಪಿನಲ್ಲಿ ಅವರೇ ನೆನಪಿಸಿಕೊಂಡಿದ್ದಾರೆ. ಆ ಕ್ಷೇತ್ರದಲ್ಲಿ ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದವರು ತುಂಬಾ ಇದ್ದರು, ಅವರಿಗೆ ಧರ್ಮದ ಸ್ವಾತಂತ್ರ್ಯ ಬರವಣಿಗೆಯಲ್ಲಿ ಬೇಕಿತ್ತು. ತಿದ್ದುಪಡಿ ತರುತ್ತೇನೆ ಅಂತ ಮಾತು ಕೊಟ್ಟರು, 336 ಮತಗಳಿಂದ ಗೆದ್ದರು.

1789ರ ಜೂನ್ 8ರಂದು ಮಾತು ಉಳಿಸಿಕೊಂಡರು. ಸಹೋದ್ಯೋಗಿಗಳಿಗೆ ಆಸಕ್ತಿ ಇರಲಿಲ್ಲ, ತೆರಿಗೆಯ ವಿಷಯ ಮೊದಲು ಮುಗಿಸೋಣ ಅಂದರು. ಇವರು ಪಟ್ಟು ಬಿಡಲಿಲ್ಲ. ಹಕ್ಕುಗಳನ್ನು ಬರೆದಿಟ್ಟರೆ ಸ್ವತಂತ್ರ ಕೋರ್ಟುಗಳು ಅವನ್ನು ಕಾಯುತ್ತವೆ ಅನ್ನುವ ಜೆಫರ್ಸನ್ ವಾದವನ್ನೂ ಒಪ್ಪಿ ಆ ಭಾಷಣದಲ್ಲಿ ಸೇರಿಸಿದರು. ರಾಜ್ಯಗಳಿಗೆ ಹೋದದ್ದು 12 ತಿದ್ದುಪಡಿ, 1791ರ ಡಿಸೆಂಬರ್ 15ಕ್ಕೆ ಪಾಸಾದದ್ದು 10. ಉಳಿದ ಎರಡರಲ್ಲಿ ಒಂದು, ಸಂಸದರು ಏರಿಸಿಕೊಂಡ ಸಂಬಳ ಮುಂದಿನ ಚುನಾವಣೆ ಆದ ಮೇಲೆ ಮಾತ್ರ ಜಾರಿಗೆ ಬರಬೇಕು ಅನ್ನುವುದು, 1992ರಲ್ಲಿ 27ನೇ ತಿದ್ದುಪಡಿಯಾಗಿ ಸೇರಿತು.

ಧರ್ಮದ ವಿಷಯದಲ್ಲಿ ಇವರು ಯಾಕೆ ಅಷ್ಟು ಕಟ್ಟುನಿಟ್ಟು?

22 ವರ್ಷದ ಹುಡುಗನಾಗಿದ್ದಾಗ ಕಂಡದ್ದು. ಪಕ್ಕದ ಕೌಂಟಿಯಲ್ಲಿ ಐದಾರು ಜನ ಬೋಧಕರನ್ನು ಬರೀ ತಮ್ಮ ಧರ್ಮದ ಮಾತು ಹೇಳಿದ್ದಕ್ಕೆ ಜೈಲಿಗೆ ಹಾಕಿದ್ದರು. 1774ರ ಜನವರಿಯಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಆ ಸಿಟ್ಟು ಇನ್ನೂ ಬಿಸಿಯಾಗಿದೆ. ಎರಡು ವರ್ಷದ ನಂತರ ವರ್ಜೀನಿಯಾದ ಹಕ್ಕುಗಳ ಘೋಷಣೆಯಲ್ಲಿ, ಬೇರೆ ಧರ್ಮವನ್ನು ಸಹಿಸಿಕೊಳ್ಳುತ್ತೇವೆ ಅನ್ನುವ ಧಾಟಿಯ ಮಾತಿತ್ತು. ಸಹಿಸಿಕೊಳ್ಳುವುದು ದೊಡ್ಡವರು ಕೊಡುವ ಭಿಕ್ಷೆ ಅಲ್ವಾ? ಇವರು ಅದನ್ನು ತೆಗೆಸಿ, ತನ್ನ ಧರ್ಮ ಆಚರಿಸುವುದು ಪ್ರತಿಯೊಬ್ಬರ ಸಮಾನ ಹಕ್ಕು ಅಂತ ಮಾಡಿಸಿದರು.

1784ರ ಕೊನೆಯಲ್ಲಿ ಕ್ರೈಸ್ತ ಬೋಧಕರಿಗೆ ಸಂಬಳ ಕೊಡಲು ತೆರಿಗೆ ಹಾಕುವ ಮಸೂದೆ ಬಂತು. ಯಾವ ಪಂಗಡಕ್ಕೆ ಕೊಡಬೇಕು ಅಂತ ನೀವೇ ಆರಿಸಿಕೊಳ್ಳಬಹುದಿತ್ತು, ನೋಡಲು ನ್ಯಾಯವಾಗಿಯೇ ಇತ್ತು. 1785ರಲ್ಲಿ ಮ್ಯಾಡಿಸನ್ ಹೆಸರು ಹಾಕದೆ ಒಂದು ಮನವಿ ಬರೆದು ಹಂಚಿದರು. ಧರ್ಮದ ಹೆಸರಲ್ಲಿ ಮೂರು ಕಾಸು ಕೀಳಬಲ್ಲ ಸರ್ಕಾರ ನಾಳೆ ಯಾವ ಧರ್ಮಕ್ಕಾದರೂ ತಲೆಬಾಗು ಅನ್ನಬಹುದು ಅಂತ. ಮಸೂದೆ ಬಿದ್ದುಹೋಯಿತು.

ಹಕ್ಕಿನ ಮಾತಾಡುತ್ತಾ ಗುಲಾಮರನ್ನು ಇಟ್ಟುಕೊಂಡಿದ್ದರಲ್ಲ, ಇವರ ಮಾತು ನಾವು ಯಾಕೆ ಕೇಳಬೇಕು?

ಈ ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಮಾಂಟ್‌ಪೆಲಿಯರ್ ಅನ್ನುವ ಅವರ ಎಸ್ಟೇಟಿನಲ್ಲಿ ನೂರಕ್ಕೂ ಹೆಚ್ಚು ಗುಲಾಮರಿದ್ದರು. ಗುಲಾಮಗಿರಿ ಕೆಟ್ಟದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1783ರಲ್ಲಿ ಅವರ ಸೇವೆಯಲ್ಲಿದ್ದ ಬಿಲ್ಲಿ ಅನ್ನುವವನನ್ನು ಫಿಲಡೆಲ್ಫಿಯಾದಿಂದ ವಾಪಸ್ ಕರೆತರಲಿಲ್ಲ. ನಾವು ಇಷ್ಟು ರಕ್ತ ಸುರಿಸಿ ಪಡೆದ, ಎಲ್ಲ ಮನುಷ್ಯರ ಹಕ್ಕು ಅಂತ ಸಾರಿದ ಸ್ವಾತಂತ್ರ್ಯವನ್ನು ಅವನೂ ಬಯಸಿದ ಅನ್ನುವ ಒಂದೇ ಕಾರಣಕ್ಕೆ ಶಿಕ್ಷಿಸಲಾರೆ ಅಂತ ತಂದೆಗೆ ಬರೆದರು. ಅಷ್ಟು ಬರೆದವರು ಅವನನ್ನು ಬಿಡುಗಡೆ ಮಾಡಲಿಲ್ಲ, ಏಳು ವರ್ಷದ ಜೀತಕ್ಕೆ ಮಾರಿದರು. ಸಾಯುವಾಗ ಉಯಿಲಿನಲ್ಲೂ ಯಾರನ್ನೂ ಬಿಡಲಿಲ್ಲ. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡ ಪಾಲ್ ಜೆನ್ನಿಂಗ್ಸ್ 1840ರ ದಶಕದಲ್ಲಿ ತನ್ನ ಬಿಡುಗಡೆಯ ಹಣವನ್ನು ತಾನೇ ದುಡಿದು ತೀರಿಸಬೇಕಾಯಿತು.

ಬಹುಮತ ಅಲ್ಪಸಂಖ್ಯಾತರನ್ನು ತುಳಿಯುತ್ತದೆ ಅಂತ ಜಗತ್ತಿಗೆ ತಿಳಿಸಿದವರ ಮನೆಯಲ್ಲೇ ಅದರ ಅತಿ ಕ್ರೂರ ಉದಾಹರಣೆ ಇತ್ತು. ಅವರ ವ್ಯವಸ್ಥೆ ಆ ಜನರನ್ನು ಕಾಯಲಿಲ್ಲ, ಬದಲಿಗೆ ಅವರನ್ನು ಭಾಗಶಃ ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಿ ಅವರ ಯಜಮಾನರಿಗೆ ಹೆಚ್ಚು ಪ್ರತಿನಿಧಿಗಳನ್ನು ಕೊಟ್ಟಿತು. ಅವರ ಮಾತು ಕೇಳಬೇಕು ಅಂತಲೇ ನನ್ನ ಅಭಿಪ್ರಾಯ, ಆದರೆ ಈ ಲೆಕ್ಕವನ್ನು ಜೊತೆಗೇ ಇಟ್ಟುಕೊಂಡು.

## ಇನ್ನೂ ಆಳಕ್ಕೆ ಹೋಗುವವರಿಗೆ

ಹಕ್ಕುಗಳ ಪಟ್ಟಿ ಕೇಂದ್ರವನ್ನು ಮಾತ್ರ ಯಾಕೆ ಕಟ್ಟಿಹಾಕಿತು? ರಾಜ್ಯಗಳು ಏನು ಬೇಕಾದ್ರೂ ಮಾಡಬಹುದಿತ್ತಾ?

ಬಹುಮಟ್ಟಿಗೆ ಹೌದು. ಮ್ಯಾಡಿಸನ್ ಇದನ್ನು ತಡೆಯಲು ನೋಡಿದರು. ಆತ್ಮಸಾಕ್ಷಿ, ಪತ್ರಿಕೆ, ಕ್ರಿಮಿನಲ್ ಕೇಸಿನಲ್ಲಿ ಜ್ಯೂರಿ ಈ ಮೂರರ ಮೇಲೆ ರಾಜ್ಯಗಳೂ ಕೈ ಹಾಕಬಾರದು ಅಂತ ಒಂದು ತಿದ್ದುಪಡಿ ಇಟ್ಟರು. ಇಡೀ ಪಟ್ಟಿಯಲ್ಲಿ ಅತಿ ಬೆಲೆಯುಳ್ಳದ್ದು ಇದೇ ಅಂದರು. ಪ್ರತಿನಿಧಿ ಸಭೆ ಒಪ್ಪಿತು, ಸೆನೆಟ್ ಹೊಡೆದುಹಾಕಿತು. ಅಂತರ್ಯುದ್ಧ ಆಗಿ, 1868ರಲ್ಲಿ 14ನೇ ತಿದ್ದುಪಡಿ ಬಂದು, 20ನೇ ಶತಮಾನದಲ್ಲಿ ಸುಪ್ರೀಂ ಕೋರ್ಟ್ ಒಂದೊಂದಾಗಿ ಆ ಹಕ್ಕುಗಳನ್ನು ರಾಜ್ಯಗಳಿಗೂ ಅನ್ವಯಿಸಿದ ಮೇಲೆ ಅವರು ಕೇಳಿದ್ದು ನಡೆಯಿತು.

ಕೇಂದ್ರದ ಕಾನೂನನ್ನು ರಾಜ್ಯ ರದ್ದು ಮಾಡಬಹುದು ಅನ್ನುವ ವಾದಕ್ಕೆ ಮ್ಯಾಡಿಸನ್ ಹೆಸರನ್ನೇ ತರ್ತಾರಲ್ಲ?

1798ರಲ್ಲಿ ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಹಾಕುವ ರಾಜದ್ರೋಹದ ಕಾನೂನು ಬಂತು. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್ ಒಳಗೆ ಹೋದರು, ಜೈಲಿನಿಂದಲೇ ಮತ್ತೆ ಗೆದ್ದರು. ಅದರ ವಿರುದ್ಧ ಮ್ಯಾಡಿಸನ್ ವರ್ಜೀನಿಯಾ ನಿರ್ಣಯ ಬರೆದರು, ರಾಜ್ಯಗಳು ಅಡ್ಡ ನಿಲ್ಲಬೇಕು ಅಂದರು. 1832ರಲ್ಲಿ ದಕ್ಷಿಣ ಕೆರೊಲಿನಾ ಆಮದು ಸುಂಕದ ಕಾನೂನನ್ನು ತನ್ನ ಮಟ್ಟಿಗೆ ರದ್ದು ಅಂತ ಘೋಷಿಸಿದಾಗ ಅದೇ ನಿರ್ಣಯವನ್ನು ಎತ್ತಿ ತೋರಿಸಿತು.

ಮ್ಯಾಡಿಸನ್‌ಗೆ ಆಗ 81 ವರ್ಷ, ಸಂಧಿವಾತದಿಂದ ಕೈ ಸರಿಯಾಗಿ ಆಡುತ್ತಿರಲಿಲ್ಲ. ಆದರೂ ಪತ್ರದ ಮೇಲೆ ಪತ್ರ ಬರೆದು ಇದನ್ನು ಅಲ್ಲಗಳೆದರು. ರಾಜ್ಯಗಳು ಒಟ್ಟಾಗಿ ದನಿ ಎತ್ತುವುದು, ಚುನಾವಣೆಯಲ್ಲಿ ಸೋಲಿಸುವುದು, ಸಂವಿಧಾನ ತಿದ್ದುವುದು ಬೇರೆ. ಒಂದೇ ರಾಜ್ಯ ಎದ್ದು ಇಡೀ ದೇಶದ ಕಾನೂನನ್ನು ಮುರಿಯುವುದು ಬೇರೆ ಅಂತ. 1798ರ ಅವರ ಮಾತುಗಳು ಸ್ವಲ್ಪ ಅಸ್ಪಷ್ಟವಾಗಿದ್ದವು, ಅದರ ಲಾಭ ಬೇರೆಯವರು ಪಡೆದರು ಅಂತ ನನಗನಿಸುತ್ತದೆ. ಅವರು ಮಾಡಿದ ವ್ಯತ್ಯಾಸ ಮಾತ್ರ ಸರಿಯಾದದ್ದೇ.

ನಮ್ಮ ಸಂವಿಧಾನಕ್ಕೂ ಇವರಿಗೂ ಏನಾದ್ರೂ ನೇರ ನಂಟು ಇದೆಯಾ?

ಒಂದು ನಂಟು ನಮ್ಮ ಕರಾವಳಿಯವರ ಮೂಲಕವೇ ಇದೆ. ಕಾನೂನಿನ ಸರಿಯಾದ ಪ್ರಕ್ರಿಯೆ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಅನ್ನುವ ಮಾತು ಅಮೆರಿಕದ ಐದನೇ ತಿದ್ದುಪಡಿಯಲ್ಲಿದೆ, ಮ್ಯಾಡಿಸನ್ 1789ರಲ್ಲಿ ಮಂಡಿಸಿದ ಕರಡಿನಲ್ಲೇ ಅದು ಇತ್ತು. ನಮ್ಮ ಮೊದಲ ಕರಡಿನಲ್ಲೂ ಅದೇ ಧಾಟಿ ಇತ್ತು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅದನ್ನು ಹಾಕಬೇಡಿ, ಜನ ಆರಿಸಿದ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯುವಂತಾಗುತ್ತದೆ ಅಂತ ಅವರು ಹೇಳಿದರು. ಹೀಗೆ 21ನೇ ವಿಧಿಯಲ್ಲಿ 'ಕಾನೂನು ಹೇಳಿದ ವಿಧಾನ' ಅನ್ನುವ ತೆಳುವಾದ ರಕ್ಷಣೆ ಬಂತು. 1950ರ ಎ.ಕೆ. ಗೋಪಾಲನ್ ಕೇಸಿನಲ್ಲಿ ಅದು ಎಷ್ಟು ತೆಳು ಅಂತ ಗೊತ್ತಾಯಿತು. 1978ರಲ್ಲಿ ಮೇನಕಾ ಗಾಂಧಿ ಕೇಸಿನ ತೀರ್ಪು, ಆ ವಿಧಾನ ನ್ಯಾಯವಾಗಿಯೂ ಇರಬೇಕು ಅಂದಿತು.

ಒಕ್ಕೂಟದ ಕಡೆ ನಾವು ಬೇರೆ ದಾರಿ ಹಿಡಿದೆವು, ದೇಶ ಒಡೆದ ನೋವಿನಲ್ಲಿ ಕೇಂದ್ರಕ್ಕೆ ಜಾಸ್ತಿ ಬಲ ಕೊಟ್ಟೆವು. ಆ ಬಲಕ್ಕೆ ದೊಡ್ಡ ಕಡಿವಾಣ ಬಿದ್ದದ್ದು ಕರ್ನಾಟಕದ ಕೇಸಿನಿಂದಲೇ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಬಹುಮತ ಸಾಬೀತಿಗೆ ಅವಕಾಶ ಕೊಡದೆ ವಜಾ ಮಾಡಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ; ರಾಜ್ಯಗಳು ಕೇಂದ್ರದ ಬಾಲಗಳಲ್ಲ.